ಕಾಲು ನೋಡದೆ ಕೊಟ್ಟ ಶೂ

ಜೂನ್ 3

ಬೆಳಗ್ಗೆಯಿಂದ ಒಬ್ಬನೇ ಗಿರಾಕಿ. ಅಂಗಡಿಯ ಅರ್ಧ ಶೂ ಹಾಕಿ ನೋಡಿ, ಆಮೇಲೆ ಬರುತ್ತೇನೆ ಎಂದು ಹೋದ. ಬರುವುದಿಲ್ಲ. ಪೆಟ್ಟಿಗೆಗಳನ್ನೆಲ್ಲ ಮತ್ತೆ ಜೋಡಿಸಿದೆ.

ವಾರಕ್ಕೆ ನಾಲ್ಕು ದಿನ ಬಂದರೆ ಸಾಕಂತೆ. ಮಾಲೀಕರು ಹೇಳಿದರು. ಸಂಬಳವೂ ಅಷ್ಟಕ್ಕೇ. ಕೋರ್ಟು ಹೇಳಿದ ಜೀವನಾಂಶ ಮಾತ್ರ ಇಳಿದಿಲ್ಲ.

ಕೊಡಲು ಬೇಜಾರಿಲ್ಲ, ಮಗಳಿಗೆ ತಾನೆ. ಆದರೆ ಮಗಳಿಗೇ ಹೋಗುತ್ತದೆಯೇ? ಅವಳಮ್ಮನ ಮನೆ ಕಿಟಕಿಗೆ ಹೊಸ ಪರದೆ ಬಂದಿದೆ. ರಸ್ತೆಗೇ ಕಾಣುತ್ತದೆ. ಎಲ್ಲಿಂದ ಬಂತು?

ಜೂನ್ 5

ಕ್ಯಾಷಿಯರ್ ಹತ್ತಿರ ಹೇಳಿಕೊಂಡೆ. ದುಡ್ಡು ಕೊಡಬೇಡ, ಸಾಮಾನು ಕೊಡಿಸು ಎಂದ. ಹೌದಲ್ಲ... ಈ ತಿಂಗಳು ಹಣ ಕಳಿಸಲಿಲ್ಲ. ಬದಲಿಗೆ ಶಾಲೆಯ ಬ್ಯಾಗು, ಸ್ವೆಟರು, ನಮ್ಮಂಗಡಿಯ ಕಪ್ಪು ಬಕಲ್ ಶೂ — ಇದ್ದುದರಲ್ಲೇ ಒಳ್ಳೆಯದು. ಕೊರಿಯರ್ ಮಾಡಿದೆ. ಪುಟ್ಟಿಯ ಸೈಜು ನನಗೆ ಬಾಯಿಪಾಠ.

ಜೂನ್ 10

ಅವಳಮ್ಮನ ಫೋನು. ಎತ್ತಲಿಲ್ಲ. ಹಣ ಕೇಳುವುದಕ್ಕಲ್ಲದೆ ಇನ್ನೇತಕ್ಕೆ? ಸಂಜೆ ಮತ್ತೆ ಬಂತು. ಎತ್ತಲಿಲ್ಲ.

ಜೂನ್ 19

ಶಾಲೆಯ ಗೇಟಿನ ಎದುರು ಜೆರಾಕ್ಸ್ ಅಂಗಡಿಯ ಮರೆಯಲ್ಲಿ ನಿಂತಿದ್ದೆ. ಪುಟ್ಟಿ ಬಂದಳು. ಬೆನ್ನಿಗೆ ಹೊಸ ಬ್ಯಾಗು. ಕಾಲಿಗೆ ಮಾತ್ರ ಹಳೆಯ ಕ್ಯಾನ್ವಾಸ್ ಶೂ, ಹಿಮ್ಮಡಿಯ ಕಡೆ ತುಳಿದು ತುಳಿದು ಚಪ್ಪಲಿಯಾಗಿದೆ. ಮೈಯೆಲ್ಲ ಉರಿಯಿತು. ಬಕಲ್ ಶೂ ಮಾರಿಕೊಂಡಿದ್ದಾಳೆ ಅವಳಮ್ಮ! ಇಲ್ಲವೇ ತನ್ನ ಅಕ್ಕನ ಮಗಳಿಗೆ ದಾಟಿಸಿದ್ದಾಳೆ. ಶೂ ಬಿಡದವಳು ಹಣ ಬಿಡುತ್ತಾಳೆಯೇ?

ಪುಟ್ಟಿಯನ್ನು ಕರೆಯಲಿಲ್ಲ. ಭೇಟಿಗೆಂದು ಕೋರ್ಟು ಕೊಟ್ಟಿರುವುದು ಭಾನುವಾರ. ಭಾನುವಾರವೇ ನಮಗೆ ವ್ಯಾಪಾರ. ಹೋಗಿ ಬಹಳ ದಿನವಾಯಿತು.

ಜುಲೈ 2

ಕೋರ್ಟಿನ ನೋಟಿಸು. ಬಾಕಿ ಕಟ್ಟಬೇಕಂತೆ. ಬ್ಯಾಗು, ಸ್ವೆಟರು, ಶೂ — ಅದರಲ್ಲಿ ಒಂದರ ಸುದ್ದಿಯೂ ಇಲ್ಲ. ಕ್ಯಾಷಿಯರ್ ಈಗ ನನ್ನ ಮುಖ ನೋಡುತ್ತಿಲ್ಲ.

ಜುಲೈ 4

ಉಚಿತ ಕಾನೂನು ನೆರವು ಕೇಂದ್ರ. ಬಿಟ್ಟಿ ವಕೀಲರು. ಶೂ ಜೊತೆ ಕಾಲುಚೀಲ ಬಿಟ್ಟಿ ಕೊಡುವಾಗ ಅದರ ಬೆಲೆ ಎಲ್ಲಿ ಸೇರಿಸುತ್ತೇವೆಂದು ನನಗೆ ಗೊತ್ತಿಲ್ಲವೇ? ಅದೂ ಹೆಂಗಸು. ಅವಳ ಕಡೆಗೇ ಮಾತಾಡುತ್ತಾರೆ ಎಂದುಕೊಂಡೇ ಕೂತೆ.

ವಕೀಲಮ್ಮ ಪೂರ್ತಿ ಕೇಳಿಸಿಕೊಂಡರು. ಕೆಲಸ ಕಡಿಮೆಯಾಗಿದ್ದರೆ ಮೊತ್ತ ಇಳಿಸಲು ಅರ್ಜಿ ಹಾಕಬಹುದಂತೆ, ಮಾಲೀಕರಿಂದ ಪತ್ರ ತರಬೇಕು. ಆದೇಶ ಬದಲಾಗುವ ತನಕ ಹಳೆಯ ಮೊತ್ತವೇ. ಸಾಮಾನು ಕೊಡಿಸಿದೆ ಎಂದು ನಾನೇ ಕಳೆದುಕೊಳ್ಳುವ ಹಾಗಿಲ್ಲ.

"ಆ ದುಡ್ಡು ಅವರದ್ದಲ್ಲ, ಮಗೂದು. ಅವರ ಮೇಲಿನ ಸಿಟ್ಟಿಗೆ ನೀವು ನಿಲ್ಸೋಕಾಗಲ್ಲ."

ಶೂ ಮಾರಿದ್ದಾಳೆ ಎಂದೂ ಬರೆಯಿರಿ ಎಂದೆ.

"ನೀವು ಕಂಡ್ರಾ? ಕಾಣದ್ದನ್ನ ಬರೆದ್ರೆ ನಿಮ್ಮ ನಿಜಾನೂ ಯಾರೂ ನಂಬಲ್ಲ. ಮೊದಲು ಭಾನುವಾರ ಹೋಗಿ ಮಗಳನ್ನ ನೋಡಿ."

ಇದರಲ್ಲೇನೋ ಮಸಲತ್ತಿದೆ.

ಜುಲೈ 7, ರಾತ್ರಿ

ರಜೆ ಹಾಕಿ ಹೋದೆ. ಶೂ ಇತ್ತು. ಪೆಟ್ಟಿಗೆ ಸಮೇತ ಕಪಾಟಿನ ಮೇಲೆ. ಚಿಕ್ಕದಾಗಿದೆ, ಬದಲಾಯಿಸಿ ಕೊಡುತ್ತೀರೇನೋ ಎಂದು ಇಟ್ಟೆ, ಎರಡು ಸಲ ಫೋನ್ ಮಾಡಿದೆ ಎಂದಳು ಅವಳಮ್ಮ. ಪರದೆ ನೋಡಿದೆ. ಹಳೆಯ ಹೊದಿಕೆ ಕತ್ತರಿಸಿ ಹೊಲಿದದ್ದು. ಆದರೂ ನಂಬಲಿಲ್ಲ. ಚಿಕ್ಕದಾಗುವುದು ಹೇಗೆ? ಸೈಜು ನನಗೆ ಗೊತ್ತಿಲ್ಲವೇ?

ಪುಟ್ಟಿಯನ್ನು ಆ ಶೂ ಸಮೇತ ಅಂಗಡಿಗೆ ಕರೆತಂದು ಅಳತೆಪಟ್ಟಿಯ ಮೇಲೆ ನಿಲ್ಲಿಸಿದೆ. ನಾನು ಕಳಿಸಿದ ಸೈಜೇ ಬಂತು. ಸಿಕ್ಕಿಬಿದ್ದಳು ಅವಳಮ್ಮ! ಖುಷಿಯೇ ಆಯಿತು, ಸುಳ್ಳೇಕೆ. ಪೆಟ್ಟಿಗೆ ತೆರೆಯುವ ಮೊದಲು ಕಾಲು ನೋಡು ಎಂದು ಮಾಲೀಕರು ಕಲಿಸಿದ್ದರು. ಆ ಅಭ್ಯಾಸದಿಂದ ಕಾಲುಚೀಲದ ಮೇಲೆಯೇ ಅವಳ ಬೆರಳ ತುದಿ ಒತ್ತಿದೆ.

ಬೆರಳು ಸಿಗಲಿಲ್ಲ. ಐದನ್ನೂ ಒಳಗೆ ಮಡಚಿಕೊಂಡು ನಿಂತಿದ್ದಳು. ಕಾಲುಚೀಲ ಬಿಚ್ಚಿದೆ, ಹೆಬ್ಬೆರಳ ಉಗುರು ಕಪ್ಪಾಗಿತ್ತು.

ಅಮ್ಮ ಹೀಗೆ ಮಾಡು ಅಂದರಾ ಎಂದು ಕೇಳಿದೆ. ಅದನ್ನೇ ಕೇಳಿದೆ ನಾನು. ತಲೆಯಾಡಿಸಿದಳು, ಇಲ್ಲ ಎಂದು.

"ಸರಿಯಾಗ್ದೇ ಇದ್ರೆ ನೀವಿಬ್ರೂ ಮತ್ತೆ ಕೋರ್ಟಿಗೆ ಹೋಗ್ತೀರ. ನಂಗೆ ಈ ಶೂನೇ ಸಾಕು ಅಪ್ಪ. ಒಂದು ದಿನ ಸ್ಕೂಲಿಗೂ ಹಾಕ್ಕೊಂಡು ಹೋಗಿದ್ದೆ."

ಎರಡು ಸೈಜು ದೊಡ್ಡದು ಕೊಟ್ಟೆ. ಬಕಲ್ ಹಾಕಿ, ಬೆರಳ ತುದಿ ಇನ್ನೊಮ್ಮೆ ಒತ್ತಿ ನೋಡಿದೆ. ನಿದ್ದೆ ಬರುತ್ತಿಲ್ಲ.

ಜುಲೈ 9

ವಕೀಲಮ್ಮನಿಗೆ ಮಾಲೀಕರ ಪತ್ರ ಕೊಟ್ಟೆ. ಬಾಕಿಗೆ ಸಾಲ ಮಾಡಿದ್ದಾಯಿತು, ಇವತ್ತೇ ಕಟ್ಟುತ್ತೇನೆ ಎಂದೆ. ಅರ್ಜಿಯಲ್ಲಿ ಕೆಲಸ ಕಡಿಮೆಯಾದ ಸಂಗತಿ ಮಾತ್ರ ಇದೆ. ಶೂ ಬಿಲ್ಲಿದ್ದರೆ ಬಾಕಿಯಲ್ಲಿ ಕಳೆಯಿರಿ ಎಂದು ಕೋರ್ಟನ್ನು ಕೇಳಿ ನೋಡೋಣವೇ ಎಂದರು ವಕೀಲಮ್ಮ. ಬಿಲ್ಲು ಜೇಬಿನಲ್ಲೇ ಇತ್ತು. ಬೇಡ ಎಂದೆ. ಯಾಕೆ ಎಂದರು, ಪೆನ್ನು ಕೆಳಗಿಟ್ಟು. ಹೇಳಿದೆ. ಆ ಶೂ ಸರಿಯಾಗಲೆಂದು ಮಗಳು ಬೆರಳು ಮಡಚಿಕೊಂಡು ನಿಂತಳು, ಅದನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡಿ.