ಗೆದ್ದವನ ಸುತ್ತು

ಏಪ್ರಿಲ್ ಒಂಬತ್ತು, ಮಂಗಳವಾರ, ಊಟವಾದ ಮೇಲೆ

ರೀ,

ಏನಂತ ಶುರು ಮಾಡಲಿ ಅಂತ ಯೋಚಿಸಿ ಮೂರು ಹಾಳೆ ಹರಿದು ಹಾಕಿದೆ. ಕೊನೆಗೆ ಮೊದಲಿನ ಹಾಗೆ ಬರೀ "ರೀ" ಅಂತಲೇ ಇರಲಿ ಅನ್ನಿಸಿತು. ನೀವು ಸ್ವಾಧೀನವಿಲ್ಲದ ಆ ಎಡಗೈಯಲ್ಲೇ ಲೋಟ ಹಿಡಿದು ನೀರು ಕುಡಿದಿರಂತೆ. ಎರಡು ಸಲ ಚೆಲ್ಲಿದ್ದಕ್ಕೆ ಲೋಟಕ್ಕೇ ಬೈದಿರಂತೆ. ಆಸ್ಪತ್ರೆಯ ಸಿಸ್ಟರ್ ಬರೆದಿದ್ದರು. ಓದಿ ಅಂಗಡಿಯಲ್ಲಿ ಒಬ್ಬಳೇ ಕೂತು ನಕ್ಕೆ, ಅಬ್ಬಾ, ಬೈಗುಳವಾದರೂ ವಾಪಸ್ ಬಂತಲ್ಲ ಅಂತ.

ಮೂರು ವಾರದಿಂದ ಕಾಗದ ಹಾಕಲಿಲ್ಲ, ಕ್ಷಮಿಸಿ. ಕೆಲಸ ಜಾಸ್ತಿ ಇತ್ತು ಅಂತ ಬರೆದರೆ ಅದು ಅರ್ಧ ಸುಳ್ಳಾಗುತ್ತೆ. ಇಷ್ಟು ದಿನ ನನ್ನ ಕಾಗದಗಳನ್ನು ಸಿಸ್ಟರ್ ನಿಮಗೆ ಓದಿ ಹೇಳುತ್ತಿದ್ದರು. "ಇನ್ಮೇಲೆ ಅವರೇ ಓದ್ತಾರೆ ಕಣಮ್ಮ, ಬೆರಳಿಟ್ಕೊಂಡು, ನಿಧಾನಕ್ಕೆ" ಅಂತ ಅವರು ಬರೆದ ದಿನದಿಂದ ನನ್ನ ಕೈ ಕಟ್ಟಿಹೋಯಿತು. ಮಧ್ಯೆ ಒಬ್ಬರಿದ್ದಾಗ ಬರೀ ಸಮಾಚಾರ ಬರೆದರೆ ಸಾಕಿತ್ತು. ಈಗ ನೇರವಾಗಿ ನಿಮ್ಮ ಕಣ್ಣಿಗೇ ಬೀಳುತ್ತೆ. ಅಕ್ಷರ ದೊಡ್ಡದಾಗಿ, ಬಿಡಿಸಿ ಬಿಡಿಸಿ ಬರೀತಿದೀನಿ. ಸುಸ್ತಾದರೆ ಮಡಿಸಿಟ್ಟು ನಾಳೆ ಓದಿ, ಓಡಿಹೋಗೋದೇನೂ ಇಲ್ಲ.

ಗೊತ್ತಿರೋದನ್ನೂ ಮತ್ತೆ ಮತ್ತೆ ಹೇಳಿ ಅಂತ ಡಾಕ್ಟರು ಹೇಳಿದ್ದಾರೆ. ಅದಕ್ಕೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಬೈಕು, ಜೀಪುಗಳಿಗೆ ಸೀಟ್ ಕವರ್ ಹೊಲಿಯೋಳು. ನೀವು ಅದೇ ಸಾಲಿನಲ್ಲಿ ಎರಡು ಅಂಗಡಿ ಆಚೆ ಲೇತ್ ಕೆಲಸ ಮಾಡ್ತಿದ್ದವರು. ಒಂದು ದಿನ ಕಟ್ಟುಪಟ್ಟಿ ಕಿತ್ತುಹೋದ ಹೆಲ್ಮೆಟ್ ತಂದು "ಇದಕ್ಕೊಂದು ಹೊಲಿಗೆ ಹಾಕಿ ಕೊಡಿ" ಅಂದಿರಿ. ತಿರುಗಿಸಿ ನೋಡಿದರೆ ಹಿಂದುಗಡೆ ಕೂದಲೆಳೆಯಷ್ಟು ಬಿರುಕು. "ಇದು ಒಂದು ಸಲ ಏಟು ತಿಂದಿದೆ, ಇನ್ನೊಂದು ಏಟು ತಡೆಯಲ್ಲ. ಹೊಸದು ತೊಗೊಂಡು ಬನ್ನಿ, ಪುಕ್ಕಟೆ ಹೊಲಿದುಕೊಡ್ತೀನಿ" ಅಂದೆ. "ಅಂಗಡಿಗೆ ಬಂದೋರನ್ನ ಹೀಗೆ ಚುಚ್ಚಿ ಕಳಿಸ್ತೀರಲ್ಲ" ಅಂತ ನೀವು ನನಗೆ ಸೂಜಿ ಅಂತ ಹೆಸರಿಟ್ಟಿರಿ. ನಮ್ಮ ಮದುವೆಯಾಗಿ ಹತ್ತು ವರ್ಷ ಆಯಿತು. ಅಪ್ಪ ಅಮ್ಮ ಇಟ್ಟ ಹೆಸರಲ್ಲಿ ನೀವು ನನ್ನನ್ನು ಕರೆದದ್ದು ಮದುವೆ ದಿನ ಒಂದೇ ಸಲ.

ತಲೆಗೆ ಏಟು ಬಿದ್ದ ಮೇಲೆ ನಿಮ್ಮ ನೆನಪಿನಲ್ಲಿ ಹಿಂದಿನ ಹನ್ನೆರಡು ವರ್ಷ ಇಲ್ಲ, ಅದರ ಜೊತೆ ನಾನೂ ಇಲ್ಲ. ಅದಕ್ಕೆ ಯಾರೇನು ಮಾಡೋಕಾಗುತ್ತೆ? ಆದರೆ ಹೋದ ಸಲ ನಾನು ಬಂದಾಗ ನೀವು ಗಡಬಡಿಸಿ ಎದ್ದು ಕುರ್ಚಿ ಎಳೆದು "ಬನ್ನಿ, ಕೂತ್ಕೊಳ್ಳಿ, ಬಸ್ಸಲ್ಲಿ ಸೀಟ್ ಸಿಕ್ಕಿತ್ತಾ?" ಅಂದಿರಿ ನೋಡಿ. ಒಳ್ಳೇ ಮನುಷ್ಯರು ಮನೆಗೆ ಬಂದ ನೆಂಟರನ್ನು ಕೇಳೋ ಹಾಗೆ. ಸಿಕ್ಕಿತ್ತು ಅಂದೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅತ್ತೆ. "ಲೇ ಸೂಜಿ, ಎಲ್ಲಿ ಸತ್ತಿದ್ದೆ ಇಷ್ಟೊತ್ತು?" ಅಂತ ನೀವೊಂದು ಸಲ ರೇಗಲಿ ಅಂತ ನನ್ನ ಕಿವಿ ಹಪಹಪಿಸುತ್ತೆ. ಯಾವ ಹೆಂಗಸಾದರೂ ಗಂಡನ ಮರ್ಯಾದೆ ಮಾತು ಕೇಳಿ ಹೀಗೆ ಅಳ್ತಾಳಾ?

ಇನ್ನು ಇಲ್ಲಿನ ಸಮಾಚಾರ. ನಿಮ್ಮ ಲೇತನ್ನು ಗ್ರೀಸ್ ನೋಡಿಕೊಳ್ತಿದ್ದಾನೆ. ಗ್ರೀಸ್ ಅಂದರೆ ನಿಮ್ಮ ಪಾಲುದಾರ, ದಪ್ಪಗೆ, ಮೀಸೆ ಇದೆ. ಮದುವೆ ಮನೆಗೂ ಅವನು ಉಗುರಿನಲ್ಲಿ ಗ್ರೀಸ್ ಇಟ್ಟುಕೊಂಡೇ ಬರೋದು. ದಿನಾ ಹತ್ತು ಗಂಟೆಗೆ ಬಂದು "ಅತ್ತಿಗೆ, ಅಣ್ಣನ ಕಾಗದ ಬಂತಾ?" ಅಂತ ಕೇಳ್ತಾನೆ. ಇಲ್ಲ ಅಂದರೆ ಅವನೇ ನನಗೆ ಸಮಾಧಾನ ಮಾಡೋಕೆ ಶುರು ಮಾಡ್ತಾನೆ. ಆಮೇಲೆ ಅವನೇ ತೋಳಲ್ಲಿ ಮೂಗು ಒರೆಸಿಕೊಳ್ತಾನೆ. ಆಗ ಅವನಿಗೆ ಟೀ ತರಿಸಿ ನಾನು ಸಮಾಧಾನ ಮಾಡಬೇಕು. ಬೆಳಗಿನ ಅರ್ಧ ಗಂಟೆ ಇದಕ್ಕೇ ಹೋಗುತ್ತೆ.

ನನ್ನ ಬಾಯಿ ಇನ್ನೂ ಜೋರಾಗಿದೆ ಅಂತ ಸಾಲಿನವರೆಲ್ಲ ಹೇಳ್ತಾರೆ. ಮೊನ್ನೆ ಗಣಿತದ ಮೇಷ್ಟ್ರೊಬ್ಬರು ಸೀಟ್ ಹರಿದಿದೆ ಅಂತ ಬೈಕ್ ತಂದು ನಿಲ್ಲಿಸಿದರು. ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿತ್ತು. "ಮೇಷ್ಟ್ರೇ, ಬಿದ್ದರೆ ಗಣಿತ ಕನ್ನಡಿ ಹೇಳಿಕೊಡುತ್ತಾ?" ಅಂದೆ. "ಎರಡೇ ಬೀದಿ ಅಮ್ಮ, ನಿಧಾನಕ್ಕೆ ಬಂದೆ" ಅಂದರು. ನಿಧಾನಕ್ಕೆ ಅನ್ನೋ ಮಾತು ಕೇಳಿದ್ದೇ ನನಗೆ ಮೈಯೆಲ್ಲ ಉರಿದುಹೋಯಿತು. ಏನೇನು ಅಂದೆನೋ. ಪಾಪ, ಅವರು ಹೆಲ್ಮೆಟ್ ಹಾಕ್ಕೊಂಡೇ ಬೆಂಚಿನ ಮೇಲೆ ಕೂತು ಸೀಟ್ ಆಗೋವರೆಗೂ ಕಾದರು, ತೆಗೆಯೋಕೆ ಧೈರ್ಯ ಬರಲಿಲ್ಲ.

ಕ್ವಾರಿಯ ವಿಷಯ ನೀವು ಸಿಸ್ಟರ್ ಹತ್ತಿರ ಕೇಳಿದಿರಂತೆ. ಹೇಳ್ತೀನಿ. ಊರಾಚೆ ಕೆಲಸ ನಿಲ್ಲಿಸಿರೋ ಕಲ್ಲು ಕ್ವಾರಿ ಅದು. ಭಾನುವಾರ ನೀವೆಲ್ಲ ಅಲ್ಲಿ ಬೈಕ್ ರೇಸ್ ಮಾಡ್ತಿದ್ದಿರಿ, ಮಣ್ಣು ಗುಡ್ಡೆ ಹತ್ತಿಸಿ, ಗುಂಡಿ ಹಾರಿಸಿ. ಕುಡಿದವರಿಗೆ ಪ್ರವೇಶ ಇಲ್ಲ. ಶುರುವಾಗೋ ಮುಂಚೆ ನೀವೂ ಗ್ರೀಸೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬಾಯಿ ವಾಸನೆ ನೋಡ್ತಿದ್ದಿರಿ. ಬೆಳ್ಳುಳ್ಳಿ ತಿಂದು ಬಂದೋನನ್ನೂ ನೀವು ಒಂದು ಸಲ ವಾಪಸ್ ಕಳಿಸಿದ್ದಿರಿ. ಅಷ್ಟು ಕಟ್ಟುನಿಟ್ಟು. ಆದರೆ ಎಲ್ಲ ಮುಗಿದ ಮೇಲೆ ಗೆದ್ದವನ ಸುತ್ತು ಅಂತ ಒಂದಿತ್ತು. ಬಹುಮಾನದ ಕಪ್ ತುಂಬ ಬಿಯರ್ ಸುರಿದು ಕೊಡೋರು, ಗೆದ್ದವನು ಅದನ್ನು ಕುಡಿದು, ಕಪ್ ಎತ್ತಿ ಹಿಡಿದು ಒಂದೇ ಕೈಯಲ್ಲಿ ಬೈಕ್ ಓಡಿಸ್ಕೊಂಡು ಒಂದು ಸುತ್ತು ಬರಬೇಕು. ಅದು ರೇಸ್ ಅಲ್ಲ, ಮೆರವಣಿಗೆ ಅಂತ ಎಲ್ಲರ ಲೆಕ್ಕ. ರೇಸ್ ಅಲ್ಲದ ಮೇಲೆ ರೇಸಿನ ನಿಯಮ ಯಾಕೆ ಅಂತ ಯಾರಿಗೂ ಅನ್ನಿಸಲೇ ಇಲ್ಲ, ನಿಮಗೂ ಅನ್ನಿಸಲಿಲ್ಲ. ಒಂಬತ್ತು ವರ್ಷ ಓಡಿಸಿದ ಮೇಲೆ ಹೋದ ವರ್ಷ ನೀವು ಮೊದಲನೇ ಸಲ ಗೆದ್ದಿರಿ. ಆ ಸುತ್ತಿನಲ್ಲೇ ಬಿದ್ದಿರಿ. ಪಕ್ಕದಲ್ಲಿ ನಡೆದು ಹೋಗೋರು ದಾಟಿ ಹೋಗಬಹುದಾದಷ್ಟು ನಿಧಾನಕ್ಕೆ ಬರ್ತಿದ್ದಿರಿ. ತಿರುವಿನಲ್ಲಿ ಜಲ್ಲಿಗೆ ಮುಂದಿನ ಚಕ್ರ ಜಾರಿತು, ತಲೆ ಕಲ್ಲಿಗೆ ಬಡಿಯಿತು. ಮೈಮೇಲೆ ಬೇರೆಲ್ಲೂ ಒಂದು ತರಚು ಇರಲಿಲ್ಲ.

ಈಗ ಅಲ್ಲಿ ಗೆದ್ದವನು ಬೈಕ್ ತಳ್ಳಿಕೊಂಡು ನಡೆದೇ ಸುತ್ತು ಹಾಕಬೇಕು, ತಲೆ ಮೇಲೆ ಹೆಲ್ಮೆಟ್ ಇರಲೇಬೇಕು. ಎಲ್ಲರ ಕೀಲಿಯೂ ಗ್ರೀಸ್ ಚೀಲಕ್ಕೆ ಬೀಳೋವರೆಗೂ ಬಾಟಲಿ ತೆರೆಯೋ ಹಾಗಿಲ್ಲ. ಅವನೇ ಮಾಡಿದ ನಿಯಮ. ಮೊದಲು ಗೊಣಗಿದರು, ಈಗ ಒಗ್ಗಿಹೋಗಿದೆ. ನಾನು ಆ ಕಡೆ ಹೋಗಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರ್ತೀನಿ. ಮುಂದಿನ ತಿಂಗಳು ಹತ್ತಕ್ಕೆ ನಿಮ್ಮನ್ನು ಅಲ್ಲಿಂದ ಬಿಡುತ್ತಾರೆ. ಎಲ್ಲಿಗೆ ಹೋಗ್ತೀರಿ ಅಂತ ಡಾಕ್ಟರು ನಿಮ್ಮನ್ನೇ ಕೇಳ್ತಾರಂತೆ. ನೀವು ಹೇಳಿದ್ದೇ ಕೊನೆ, ನಾನಾಗಲಿ ನಿಮ್ಮಕ್ಕನಾಗಲಿ ಬಾಯಿ ಹಾಕೋ ಹಾಗಿಲ್ಲ. ನಿಮ್ಮಕ್ಕ ನಿಮಗೆ ನೆನಪಿದ್ದಾರೆ, ನಿಮ್ಮನ್ನು ಎತ್ತಿ ಆಡಿಸಿದವರು. ಅವರ ಮನೆಯಲ್ಲಿ ಕೆಳಗಡೆಯೇ ಕೋಣೆ ಇದೆ, ಬಿಸಿಲು ಬರುತ್ತೆ, ಹತ್ತೋಕೆ ಮೆಟ್ಟಿಲಿಲ್ಲ. ಅವರು ನನಗೆ ಒಂದು ಕೆಟ್ಟ ಮಾತು ಆಡಿದವರಲ್ಲ. "ನೀನಿನ್ನೂ ಚಿಕ್ಕವಳು ಕಣೇ, ಅವನ ತಪ್ಪಿಗೆ ನೀನ್ಯಾಕೆ ಸವೀಬೇಕು" ಅಂತಲೇ ಅನ್ನೋದು. ನಮ್ಮ ಮನೆಗೆ ಹದಿನೇಳು ಮೆಟ್ಟಿಲು. ಆದರೂ ಗ್ರೀಸ್ ಹತ್ತಿರ ಹೇಳಿ ಗೋಡೆಗೆ ಹಿಡಿಕಂಬಿ ಹಾಕಿಸಿದೀನಿ. ನಾನೇ ಕಣ್ಣು ಮುಚ್ಚಿಕೊಂಡು ಹಿಡಿದು ಹತ್ತಿ ನೋಡಿದೆ, ಗಟ್ಟಿಯಾಗಿದೆ.

ನೀವು ನಿಮ್ಮ ಕೈಯಾರೆ ಬರೆದ ಮೊದಲ ಚೀಟಿಯನ್ನು ಸಿಸ್ಟರ್ ನನಗೆ ಕಳಿಸಿಕೊಟ್ಟರು. ಎರಡೇ ಸಾಲು. "ಕುಡಿದೆ, ಹೆಲ್ಮೆಟ್ ತೆಗೆದೆ, ತಪ್ಪು ನನ್ನದು. ಅವರಿಗೆ ತೊಂದರೆ ಬೇಡ, ಅಕ್ಕನ ಮನೆಗೆ ಹೋಗ್ತೀನಿ." ಅವರಿಗೆ ಅಂದರೆ ನನಗೆ. ಆ ಚೀಟಿ ಓದಿ ಆ ದಿನ ಒಂದು ಸೀಟೂ ಹೊಲಿಯೋಕಾಗಲಿಲ್ಲ. ತೊಂದರೆ ಅಂತೀರಲ್ಲ! ನೀವು ಎಡಗೈಯಲ್ಲಿ ಚೆಲ್ಲಿದ ನೀರು ಒರೆಸೋದು ತೊಂದರೆಯಾ? ಹನ್ನೊಂದು ತಿಂಗಳಿಂದ ಒಂದೇ ತಟ್ಟೆ ತೊಳೀತಿದೀನಿ, ಅದು ತೊಂದರೆ. ನನ್ನ ಮೇಲೆ ರೇಗೋರಿಲ್ಲ, ಟೀಗೆ ಸಕ್ಕರೆ ಸಾಲದು ಅನ್ನೋರಿಲ್ಲ. ಹೊಸ ಹೊಲಿಗೆ ಹಾಕಿದರೆ ಕಣ್ಣ ಹತ್ತಿರ ಹಿಡಿದು "ಪರವಾಗಿಲ್ಲ" ಅನ್ನೋರಿಲ್ಲ. ಆ ಪರವಾಗಿಲ್ಲ ಅನ್ನೋ ಒಂದು ಮಾತಿಗೆ ನಾನು ಹತ್ತು ವರ್ಷ ಹೊಲಿದಿದೀನಿ. ನಿಮಗೆ ನನ್ನ ನೆನಪು ಬರದೇ ಹೋದರೂ ಸರಿ, ಹೊಸದಾಗಿ ಪರಿಚಯ ಮಾಡ್ಕೊಳ್ಳೋಣ. ನನಗೆ ನೀವು ಬೇಕು, ಅಷ್ಟೇ.

ಕೈ ನೋಯ್ತಿದೆ, ನಿಮಗೆ ಕಣ್ಣು ನೋಯ್ತಿರಬಹುದು. ಸಿಸ್ಟರ್ ಕೊಟ್ಟ ಚೆಂಡನ್ನು ದಿನಾ ನೂರು ಸಲ ಹಿಸುಕಿ, ಎಣಿಕೆಯಲ್ಲಿ ಮೋಸ ಮಾಡಬೇಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ನಿಮ್ಮ ಕಾಲಿಗೆ ಬಲ ಕೊಡಲಿ. ನೀವು ಎಲ್ಲಿದ್ದರೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡೋ ಹಾಗಾಗಲಿ.

ಇಂತಿ,
ನಿಮ್ಮ ಸೂಜಿ

ತಾ.ಕ.: ಇಷ್ಟು ಬರೆದು ಕವರ್ ಅಂಟಿಸಿ ಆಗಿತ್ತು. ಮತ್ತೆ ಕಿತ್ತೆ. ಈ ಭಾಗ ಸಿಸ್ಟರಿಗೆ ಕೊಡಬೇಡಿ, ನೀವೇ ಓದಿ. ಎಷ್ಟು ಹೊತ್ತಾದರೂ ಆಗಲಿ.

ಹೆಲ್ಮೆಟ್ ನೀವು ತೆಗೆಯಲಿಲ್ಲ. ನಾನು ತೆಗೆದೆ.

ನೀವು ಒಂದು ಕಪ್ ಕುಡಿದು ಸಾಕು ಅಂದಿರಿ. "ಒಂಬತ್ತು ವರ್ಷಕ್ಕೆ ಒಂದೇ ಕಪ್ಪಾ?" ಅಂತ ಎರಡನೇದು ತುಂಬಿಸಿ ಬಾಯಿಗೆ ಹಿಡಿದವಳು ನಾನು. ಆಮೇಲೆ ನೀವು ಹೆಲ್ಮೆಟ್ ಹಾಕ್ಕೊಂಡು ಬೈಕ್ ಹತ್ತಿದಿರಿ. ನಾನು ಹತ್ತಿರ ಬಂದು ಗಲ್ಲದ ಕೆಳಗೆ ಕೈ ಹಾಕಿ ಪಟ್ಟಿ ಬಿಚ್ಚಿದೆ. "ಬೇಡ ಕಣೇ, ಬೈಕ್ ಮೇಲೆ ಕೂತಿದೀನಲ್ಲ" ಅಂದಿರಿ. "ಒಂದು ಸುತ್ತು ತಾನೇ, ನಿಧಾನಕ್ಕೆ ಬನ್ನಿ, ಮುಖ ತೋರಿಸ್ರೀ" ಅಂದೆ. ಗ್ರೀಸ್ ಆ ತುದಿಯಲ್ಲಿ ಹಗ್ಗ ಸುತ್ತುತ್ತಿದ್ದ, ಉಳಿದವರು ಕುಣೀತಿದ್ದರು, ಯಾರೂ ನೋಡಲಿಲ್ಲ. ಊರಿಗೆಲ್ಲ ಹೆಲ್ಮೆಟ್ ಬುದ್ಧಿ ಹೇಳೋ ನಾನು ಅದನ್ನು ಕಂಕುಳಲ್ಲಿ ಇಟ್ಕೊಂಡು ಚಪ್ಪಾಳೆ ಹೊಡೆದೆ.

ಒಂಬತ್ತು ವರ್ಷ ಪ್ರತಿ ಭಾನುವಾರ ಮಣ್ಣು ಮೆತ್ತಿದ ಹನ್ನೆರಡು ಹೆಲ್ಮೆಟ್ ನೋಡಿದೀನಿ, ಅದರಲ್ಲಿ ನಿಮ್ಮದು ಯಾವುದು ಅಂತ ಹುಡುಕಿದೀನಿ. ಗೆದ್ದ ಮುಖ ಹೇಗಿರುತ್ತೆ ಅಂತ ಒಂದು ಸಲ ನೋಡಬೇಕು ಅಂತ ಆಸೆಯಾಯಿತು.

ಆಸ್ಪತ್ರೆಯಲ್ಲಿ ಫಾರಂ ತುಂಬಿಸೋವಾಗ "ಕುಡಿದಿದ್ರಾ?" ಅಂದರು, ಹೂಂ ಅಂದೆ. "ಹೆಲ್ಮೆಟ್?" ಅಂದರು. "ಅವರೇ ತೆಗೆದುಬಿಟ್ರು" ಅಂದೆ. ನಿಮ್ಮಕ್ಕ ಪಕ್ಕದಲ್ಲೇ ನಿಂತಿದ್ದರು. ಅಲ್ಲಿಂದ ಎಲ್ಲರ ಬಾಯಲ್ಲೂ ಅದೇ ಆಯಿತು, ಕೊನೆಗೆ ನಿಮ್ಮ ಬಾಯಲ್ಲೂ. ತಪ್ಪು ನನ್ನದು ಅಂತ ನೀವು ಬರೆದ ಚೀಟಿ ಓದಿದಾಗ ನನಗೆ ಮೊದಲು ಆಗಿದ್ದು ದುಃಖ ಅಲ್ಲ ರೀ, ಸಮಾಧಾನ. ಬಚಾವಾದೆ ಅನ್ನಿಸಿತು. ಅಳು ಬಂದದ್ದು ಆಮೇಲೆ. ಇದನ್ನು ಬರೆಯದೆ ನಿಮ್ಮನ್ನು ಮನೆಗೆ ಕರೆದರೆ ನಾನು ಮನುಷ್ಯಳೇ ಅಲ್ಲ.

ಆ ಮುಖ ನೋಡಿದೆ. ಅರ್ಧ ಸುತ್ತು ನೋಡಿದೆ. ಅಷ್ಟು ಚೆನ್ನಾಗಿ ನೀವು ಯಾವತ್ತೂ ನಕ್ಕಿರಲಿಲ್ಲ.

ಡಾಕ್ಟರು ಕೇಳಿದಾಗ ಇದೆಲ್ಲ ಗೊತ್ತಿದ್ದು ಉತ್ತರ ಹೇಳಿ. ಅಕ್ಕನ ಮನೆ ಅಂದರೆ ನಿಮ್ಮ ಬಟ್ಟೆಗಳನ್ನು ನಾನೇ ಇಸ್ತ್ರಿ ಮಾಡಿ ತಂದು ಬಾಗಿಲಲ್ಲಿ ಕೊಟ್ಟು ಹೋಗ್ತೀನಿ. ನಮ್ಮ ಮನೆ ಅಂದರೆ, ಯಾರ ಜೊತೆ ಬರ್ತಿದೀರಿ ಅಂತ ತಿಳ್ಕೊಂಡೇ ಬನ್ನಿ.