ಅಲಸಂದೆಯ ಚುಕ್ಕಿಗಳು

ಹಾಸ್ಟೆಲ್ ರೂಮು
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಮ್ಮ,

ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮಿಸು. ಲಕೋಟೆ ನೋಡಿದ ಕೂಡಲೇ ನಿನ್ನ ಎದೆ ಧಸಕ್ಕೆಂದಿರುತ್ತದೆ, ಗೊತ್ತು. ನನಗೆ ಜ್ವರ ಬಂದಿಲ್ಲ, ಫೇಲ್ ಆಗಿಲ್ಲ, ಯಾರ ಜೊತೆಯೂ ಓಡಿಹೋಗುತ್ತಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಆಯ್ತು ಪುಟ್ಟಿ, ಹೊಲದಲ್ಲಿದ್ದೀನಿ, ಆಮೇಲೆ" ಎಂದುಬಿಡುತ್ತೀಯ. ಆ ಆಮೇಲೆ ನನ್ನ ಜನ್ಮದಲ್ಲಿ ಒಂದು ಸಲವೂ ಬಂದಿಲ್ಲ. ಕಾಗದವನ್ನಾದರೆ ಕೊನೆಯವರೆಗೆ ಓದಲೇಬೇಕು. ಮೊದಲು ಇಂಗ್ಲಿಷಿನಲ್ಲಿ ಶುರುಮಾಡಿದೆ. ವಾರ್ಡನ್‌ಗೆ ರಜೆ ಕೇಳುವ ಅರ್ಜಿಯ ಹಾಗಿತ್ತು, ಹರಿದುಹಾಕಿದೆ. ನನ್ನ ಒತ್ತಕ್ಷರಗಳನ್ನು ನೋಡಿ ನಗಬೇಡ. ಹಾಸ್ಟೆಲಿಗೆ ಸೇರಿಸಿದ್ದು ನೀನೇ.

ಶನಿವಾರದ ಸಭೆಯ ಫಲಿತಾಂಶ ನಿನಗೆ ಇಷ್ಟು ಹೊತ್ತಿಗೆ ಮುಟ್ಟಿರುತ್ತದೆ. ಅಲಸಂದೆಗೆ ಮುಂದಿನ ಐದು ವರ್ಷ ಪ್ರತ್ಯೇಕ ಅನುದಾನವಿಲ್ಲ ಎಂದು ಎರಡು ಸಾಲಿನ ಮೇಲ್ ಬಂದಿರಬಹುದು. ಅದು ಹೇಗಾಯಿತು ಎಂದು ಯಾರೂ ಬರೆದಿರುವುದಿಲ್ಲ. ನಾನು ಅಲ್ಲೇ ಇದ್ದೆ.

ನಮ್ಮ ಕಾಲೇಜಿನ ಲೈಬ್ರರಿಯ ಮೇಲಿನ ಮಹಡಿಯ ಹಾಲ್. ಹೊಸ ಕಾರ್ಪೆಟ್ಟಿನ ಗೋಂದಿನ ವಾಸನೆ ಇನ್ನೂ ಹೋಗಿರಲಿಲ್ಲ, ಕಿಟಕಿ ತೆಗೆಯಲು ಬರುವುದಿಲ್ಲ. ಗೋಧಿಯವರು, ಜೋಳದವರು, ಟೊಮೆಟೊದವರು, ಎಲ್ಲ ಬೆಳೆಗಳ ತಳಿ ಮಾಡುವವರೂ ಬಂದಿದ್ದರು. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂದು ಕಾಫಿ ಲೋಟ ಹಿಡಿದು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಾವು ಮೊದಲ ವರ್ಷದವರು ವಾಲಂಟಿಯರ್‌ಗಳು, ಅಂದರೆ ಕುರ್ಚಿ ಹೊರುವವರು. ಗೋಡೆಯ ತುಂಬ ದೊಡ್ಡ ದೊಡ್ಡ ಹಾಳೆಗಳು, ಒಂದೊಂದರ ಮೇಲೂ ಒಬ್ಬೊಬ್ಬರ ಕೆಲಸ. ಬಂದವರಿಗೆಲ್ಲ ಐದೈದು ಹಸಿರು ಚುಕ್ಕಿ ಸ್ಟಿಕ್ಕರ್ ಕೊಟ್ಟೆವು. ಯಾವ ಕೆಲಸ ಮುಖ್ಯ ಅನ್ನಿಸುತ್ತದೋ ಆ ಹಾಳೆಗೆ ಅಂಟಿಸಬೇಕು. ಹೆಚ್ಚು ಚುಕ್ಕಿ ಬಿದ್ದ ಮೂರಕ್ಕೆ ಹಣ, ಮೊದಲನೆಯದಕ್ಕೆ ದೊಡ್ಡ ಪಾಲು. ನಿನಗೆ ಇದೆಲ್ಲ ಗೊತ್ತು. ಆದರೂ ಬರೆಯುತ್ತಿದ್ದೇನೆ, ನನ್ನ ತಲೆಯಲ್ಲಿ ಸಾಲಾಗಿ ಕೂರಲಿ ಎಂದು.

ನೀನು ಬರುವ ಹಾಗಿರಲಿಲ್ಲ. ಹೂವಿನ ಕಾಲ. ಸಂಜೆ ಮೊಗ್ಗು ಬಿಡಿಸಿ ಕೇಸರ ಕೀಳಬೇಕು, ಬೆಳಿಗ್ಗೆ ಬಿಸಿಲೇರುವ ಮೊದಲು ಪರಾಗ ಮುಟ್ಟಿಸಬೇಕು, ತಪ್ಪಿದರೆ ವರ್ಷ ಹೋಯಿತು. ಇದನ್ನು ನಾನು ಮಗ್ಗಿಗಿಂತ ಮೊದಲು ಕಲಿತೆ. ಅದಕ್ಕೆ ನಿನ್ನ ಹಾಳೆಯನ್ನು ನಾನೇ ಬರೆದು ಹಚ್ಚಿದೆ. "ಹುಳ ಕೊರೆಯದ ಅಲಸಂದೆ. ಕಾಡುಬಳ್ಳಿಯ ಜೊತೆ ಸಂಕರ, ಏಳನೆಯ ತಲೆಮಾರು. ಇನ್ನು ಮೂರು ಬೇಕು. ನಿಲ್ಲಿಸಿದರೆ ಮತ್ತೆ ಮೊದಲಿನಿಂದ." ಕೊನೆಯ ವಾಕ್ಯ ನೀನು ಹೇಳಿರಲಿಲ್ಲ. ನಾನು ಸೇರಿಸಿದೆ.

ಅಮ್ಮ, ಬೆಳಿಗ್ಗೆಯೆಲ್ಲ ಎಷ್ಟು ಚೆನ್ನಾಗಿತ್ತು ಗೊತ್ತಾ? ಗೋಧಿಯವರೊಬ್ಬರು, ಬಿಳಿ ಗಡ್ಡದವರು, ಹಾಳೆಯ ಮುಂದೆ ನಿಂತು, "ಯಾರದಮ್ಮ ಇದು?" ಅಂದರು.

"ನಮ್ಮಮ್ಮಂದು."

"ಓಹೋ, ಅವಳ ಮಗಳಾ ನೀನು? ಅವಳಿಗೊಬ್ಬಳು ಮಗಳಿದ್ದಾಳೆ ಅಂತಾನೇ ಗೊತ್ತಿರಲಿಲ್ಲ ನೋಡು! ನಮ್ಮನೇಲೂ ಅಲಸಂದೆ ಡಬ್ಬ ಮೂರು ತಿಂಗಳಿಗೇ ಹಿಟ್ಟಿನ ಡಬ್ಬ ಆಗುತ್ತೆ. ತಗೋ, ಎರಡು ಚುಕ್ಕಿ ನಿಮ್ಮಮ್ಮಂಗೆ."

ಒಬ್ಬರನ್ನು ನೋಡಿ ಇನ್ನೊಬ್ಬರು ಬಂದರು. ತಮ್ಮ ಬೆಳೆಗೆ ಹಾಕಿ ಉಳಿದ ಚುಕ್ಕಿಯನ್ನೆಲ್ಲ ನಿನಗೇ ಹಾಕಿದರು. ಊಟದ ಹೊತ್ತಿಗೆ ನನ್ನ ಅಕ್ಷರವೇ ಕಾಣುತ್ತಿರಲಿಲ್ಲ, ಅಷ್ಟು ಹಸಿರು. ನೀನೇ ಮೊದಲು. ಎರಡನೆಯದು ಜೋಳದ ಬೇರು. ಮೂರನೆಯದು ಎಲ್ಲ ಬೆಳೆಗಳ ಡೇಟಾ ಪ್ಲಾಟ್‌ಫಾರ್ಮ್: ಗಿಡಗಳ ವಂಶವಾಹಿಯ ಮಾಹಿತಿಯನ್ನೆಲ್ಲ ಒಂದೇ ಕಂಪ್ಯೂಟರಿನಲ್ಲಿ ಕೂಡಿಡುವುದು. ಅದು ಅಧ್ಯಕ್ಷರದು. ಅಧ್ಯಕ್ಷರು ನಮ್ಮ ಕನ್ನಡಕದ ಮಾಮ. ನಿನ್ನ ಕ್ಲಾಸ್‌ಮೇಟ್, ನಾನು ಚಿಕ್ಕವಳಿದ್ದಾಗ ಯಾರ ಕನ್ನಡಕ ಕಿತ್ತುಕೊಂಡು ಓಡುತ್ತಿದ್ದೆನೋ ಅದೇ ಮಾಮ. ಇಲ್ಲಿ ಮಾತ್ರ ಸರ್ ಅನ್ನಬೇಕು.

ಊಟವಾದ ಮೇಲೆ ಅವರು ಮೈಕ್ ಹಿಡಿದರು. "ಹಾಳೆಗಳು ಜಾಸ್ತಿ ಆಗಿವೆ ಸ್ನೇಹಿತರೆ. ಒಂದೇ ಥರದವನ್ನ ಕ್ಲಬ್ ಮಾಡೋಣ. ಬೀಜದ ಕೋಣೇಲಿ ಡೂಪ್ಲಿಕೇಟ್ ತೆಗೀತೀವಲ್ಲ, ಹಾಗೆ."

ಎಲ್ಲರೂ ನಕ್ಕರು. ನೀವೆಲ್ಲ ಬೀಜದ ಜನ, ನಿಮಗೆ ಅದು ಅಭ್ಯಾಸ. ಎರಡು ಪೊಟ್ಟಣದ ಕಾಳು ನೋಡಲು ಒಂದೇ ಥರ ಕಂಡರೆ ಒಂದನ್ನು ಎಸೆದು ಜಾಗ ಉಳಿಸುವುದು. ಅದಕ್ಕೇ ಯಾರಿಗೂ ಏನೂ ಅನ್ನಿಸಲಿಲ್ಲ. ಮಾಮ ನಿನ್ನ ಹಾಳೆಯನ್ನು ಗೋಡೆಯಿಂದ ಬಿಡಿಸಿ, ನಿಧಾನವಾಗಿ, ಟೇಪು ಹರಿಯದ ಹಾಗೆ, ತಮ್ಮ ಹಾಳೆಯ ಕೆಳಗೆ ಅಂಟಿಸಿದರು. "ಅಲಸಂದೆ ಸಂಕರದಿಂದ ಬರೋದೂ ಡೇಟಾನೇ" ಅಂದರು. ನಿನ್ನ ಚುಕ್ಕಿಗಳೆಲ್ಲ ಪ್ಲಾಟ್‌ಫಾರ್ಮಿನ ಲೆಕ್ಕಕ್ಕೆ ಹೋದವು. ಅದು ಮೊದಲಾಯಿತು. ನೀನು ಅದರೊಳಗಿನ ಒಂದು ಸಾಲಾದೆ.

ನಾನು ಎದ್ದು ನಿಂತೆ. ಕೈಯಲ್ಲಿ ಲೋಟಗಳ ಟ್ರೇ ಇತ್ತು, ಅದನ್ನು ಇಡುವುದೂ ನೆನಪಾಗಲಿಲ್ಲ. "ಸರ್, ಅದು ಡೇಟಾ ಅಲ್ಲ. ಗಿಡ."

ಮುಂದಿನ ಸಾಲಿನಲ್ಲಿ ಅನುದಾನದ ಆಫೀಸಿನ ಮೇಡಂ ಕೂತಿದ್ದರು. ತಿರುಗಿ ನೋಡಿ, ಮಗುವಿಗೆ ಹೇಳುವ ಹಾಗೆ, "ಗಿಡದಿಂದಾನೇ ಅಲ್ವೇನಮ್ಮ ಡೇಟಾ ಬರೋದು?" ಅಂದರು.

"ಗಿಡ ಒಣಗಿದ್ಮೇಲೆ ಎಲ್ಲಿಂದ ಬರುತ್ತೆ ಮೇಡಂ?"

ಹಿಂದೆ ಯಾರೋ ಚಪ್ಪಾಳೆ ತಟ್ಟಿದರು, ಒಂದೇ ಒಂದು ಸಲ. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ಮಾಮ ಕೂಡ. "ಫಸ್ಟ್ ಇಯರ್ ಅಲ್ವಾ, ರಕ್ತ ಬಿಸಿ ಇದೆ. ಟ್ರೇ ಬೀಳಿಸೀಯ ಮರಿ, ಕೂತ್ಕೋ." ನಾನು ಕೂತೆ. ಕೂತೆ ಅಮ್ಮ, ಮಾತು ಮುಗಿಯಿತು. ಲೋಟಗಳ ಟ್ರೇಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಟೀ ಹೊತ್ತಿಗೆ ಆ ಗಡ್ಡದವರನ್ನು ಹಿಡಿದೆ. "ನೀವು ಎರಡು ಚುಕ್ಕಿ ಹಾಕಿದ್ರಲ್ಲ ಸರ್. ಒಂದು ಮಾತಾದ್ರೂ ಆಡಬಾರದಿತ್ತಾ?"

ಅವರು ಬಿಸ್ಕತ್ತನ್ನು ಟೀಗೆ ಅದ್ದಿದರು, ಅದು ಮುರಿದು ಬಿತ್ತು. "ಮಗಳೇ, ನಂದು ನಾಲ್ಕನೇದಿತ್ತು. ಕ್ಲಬ್ ಮಾಡಿದ್ರಿಂದ ಮೂರಕ್ಕೆ ಬಂತು. ನನ್ನ ಕೈಕೆಳಗೂ ಆರು ಜನ ಇದ್ದಾರೆ. ಏನಂತ ಆಡ್ಲಿ?"

ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು. ಅವರು ಆಮೇಲೆ ನನ್ನ ಜೊತೆ ಕುರ್ಚಿ ಎತ್ತಿಡಲು ಬಂದರು. ಬೇಡ ಅಂದೆ.

ನನ್ನ ರೂಮ್‌ಮೇಟ್ ಸ್ಟ್ಯಾಟಿಸ್ಟಿಕ್ಸ್ ಓದುತ್ತಾಳೆ. ಅವಳ ಅಲಾರಂಗೆ ಅವಳನ್ನು ಬಿಟ್ಟು ಇಡೀ ಮಹಡಿ ಏಳುವುದರಿಂದ ಎಲ್ಲರೂ ಅವಳನ್ನು ಅಲಾರಂ ಎಂದೇ ಕರೆಯುವುದು. ಎಲ್ಲ ಕೇಳಿ ಅವಳು ಹೇಳಿದಳು: "ಗೆದ್ದೋರು ಪಾರ್ಟಿ ಬದಲಾಯಿಸೋದು ನೋಡಿದ್ದೆ ಕಣೇ. ಓಟುಗಳದ್ದೇ ಪಾರ್ಟಿ ಬದಲಾಯಿಸಿಬಿಟ್ಟಿದ್ದಾರಲ್ಲ!" ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತೆ.

ಬೇರೆ ಸುದ್ದಿ ಹೆಚ್ಚಿಲ್ಲ. ಕೆಮಿಸ್ಟ್ರಿಯಲ್ಲಿ ಪಾಸು, ದಡ ಮುಟ್ಟಿದ್ದಷ್ಟೇ. ಶೂಗಳ ಅಡಿ ಬಿಟ್ಟಿತ್ತು, ಹೊಲಿಸಿದೆ. ನಮ್ಮ ಕಿಟಕಿಯ ಎದುರಿನ ಬಾಯ್ಲರ್ ರಾತ್ರಿಯೆಲ್ಲ ಗೊರಕೆ ಹೊಡೆಯುತ್ತದೆ, ಈಗ ಅದಿಲ್ಲದಿದ್ದರೆ ನಿದ್ದೆ ಬರುವುದಿಲ್ಲ. ನಿನ್ನ ಬೆನ್ನು ಹೇಗಿದೆ? ಸಾಲುಗಳ ನಡುವೆ ಬಗ್ಗಿ ನಿಲ್ಲಬೇಡ, ಸ್ಟೂಲ್ ಹಾಕಿಕೊಂಡು ಕೂತು ಮಾಡು. ಹಣವಿರಲಿ ಬಿಡಲಿ, ನೀನು ಮುಟ್ಟಿದ ಹೂವೆಲ್ಲ ಕಾಯಿ ಕಟ್ಟಲಿ. ನನ್ನ ತಲೆಯ ಮೇಲೂ ಒಂದು ಸಲ ಕೈಯಿಟ್ಟೆ ಅಂದುಕೋ, ನನಗೆ ತಲುಪುತ್ತದೆ.

ನಿನ್ನ
ಪುಟ್ಟಿ

ಮತ್ತೆ: ಇಷ್ಟನ್ನೂ ಬರೆದದ್ದು ಇದನ್ನು ಬರೆಯದೆ ತಪ್ಪಿಸಿಕೊಳ್ಳಲಿಕ್ಕೆ. ಆಗಲಿಲ್ಲ.

ಸಭೆ ಮುಗಿದ ಮೇಲೆ ಮಾಮ ನನ್ನನ್ನು ಪಾರ್ಕಿಂಗಿಗೆ ಕರೆದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕಾರಿನ ಬಾಗಿಲು ತೆಗೆದು, ಒಳಗೆ ಕೂರದೆ, "ನನ್ನ ಮೇಲೆ ಕೋಪಾನಾ ಮರಿ? ಗುರುವಾರವೇ ನಿಮ್ಮಮ್ಮಂಗೆ ಫೋನ್ ಮಾಡಿ ಕೇಳಿದ್ದೆ. ಕದ್ದು ಮಾಡಿದ್ದಲ್ಲ" ಅಂದರು. "ಸೇರಿಸ್ಕೋ ಅಂದ್ಲು. ಒಂದೇ ಒಂದು ಮಾತು ಕೇಳಿದ್ಲು, ನನ್ನ ಮಗಳ ಓದು ನೋಡ್ಕೋ ಅಂತ. ಪ್ಲಾಟ್‌ಫಾರ್ಮಲ್ಲಿ ಸ್ಟೂಡೆಂಟ್ ಪೋಸ್ಟ್ ಒಂದಿದೆ, ಅದು ನಿಂಗೆ. ಓದು ಮುಗಿಯೋವರೆಗೂ ಫೀಸು, ಹಾಸ್ಟೆಲು ಎಲ್ಲಾ ಅದರಲ್ಲೇ. ಹದಿನೇಳನೇ ತಾರೀಖು ಸೋಮವಾರ, ಅದರೊಳಗೆ ಹೂಂ ಅನ್ನು, ಸಾಕು."

ನಾನು ಥ್ಯಾಂಕ್ಯೂ ಸರ್ ಅಂದೆ. ಬಾಯಿಗೆ ಅದೇ ಬಂತು. ಹಾಸ್ಟೆಲಿನಲ್ಲಿ ಹಾಗೇ ಕಲಿಸಿದ್ದಾರೆ.

ಅಮ್ಮ, ಐದು ವರ್ಷದವಳಿದ್ದಾಗ ನನ್ನನ್ನು ಡಾರ್ಮಿಟರಿಯ ಬಾಗಿಲಲ್ಲಿ ಬಿಟ್ಟುಹೋದೆ. ನನಗೆ ಮಂಗನಬಾವು ಬಂದಾಗ ಹೂ ಅರಳಿತ್ತು. ಸ್ಕೂಲ್ ಡೇ ಬಂದಾಗ ಹೂ ಅರಳಿತ್ತು. ಬೇರೆ ಹುಡುಗಿಯರು ಕೇಳಿದಾಗೆಲ್ಲ, "ನಮ್ಮಮ್ಮ ಹುಳ ತಿನ್ನದ ಕಾಳು ಮಾಡ್ತಿದ್ದಾಳೆ, ಅದಕ್ಕೇ ಬರಕ್ಕಾಗಲ್ಲ" ಎಂದು ದೊಡ್ಡ ದನಿಯಲ್ಲಿ ಹೇಳುತ್ತಿದ್ದೆ. ನಂಬಿಯೇ ಹೇಳುತ್ತಿದ್ದೆ. ನನಗಿಂತ ದೊಡ್ಡದು ಒಂದಿದೆ ಎಂದಾದರೆ ಎರಡನೆಯವಳಾಗಿರಲು ನನಗೇನೂ ಅಡ್ಡಿಯಿರಲಿಲ್ಲ. ಈಗ ನೀನು ಅದನ್ನೇ ಕೊಟ್ಟುಬಿಟ್ಟೆ ಅನ್ನುತ್ತಾರೆ ಮಾಮ, ಅದೂ ನನ್ನ ಫೀಸಿಗೆ. ಹಾಗಾದರೆ ನಾನು ಅಲ್ಲಿ ಒಬ್ಬಳೇ ಇದ್ದ ವರ್ಷಗಳು ಯಾವುದಕ್ಕಾಗಿ? ಗುರುವಾರ ಹೂಂ ಅಂದವಳು ಶನಿವಾರ ಬೆಳಿಗ್ಗೆ ಯಾವ ನಂಬಿಕೆಯ ಮೇಲೆ ಹೂವಿಗೆ ಪರಾಗ ಮುಟ್ಟಿಸುತ್ತಿದ್ದೆ?

ನನ್ನ ಫೀಸಿಗೆ ದಾರಿ ಮಾಡು ಎಂದು ನಾನು ನಿನ್ನನ್ನು ಕೇಳಿರಲಿಲ್ಲ. ಕೇಳಿದ್ದರೆ ನಾನು ಬೇರೇನೋ ಕೇಳುತ್ತಿದ್ದೆ.

ಮಾಮ ಹೇಳಿದ್ದು ನಿಜವೋ ಸುಳ್ಳೋ ಅಷ್ಟನ್ನು ಹೇಳು. ಬರುವ ಸೋಮವಾರದೊಳಗೆ ನಾನು ಉತ್ತರ ಕೊಡಬೇಕು. ಬೇಗ ಬರೆ.