ಹೂವಿನಲ್ಲೇ ಉಳಬೇಕಾದ ಅಲಸಂದೆ

ಜೂನ್ 9, 2024. ಭಾನುವಾರ

ಬೆಳಿಗ್ಗೆ ಕೆಂಗೇರಿ ಉಪನಗರದಿಂದ ಸ್ಕೂಟರಿನಲ್ಲಿ ಹೊಲಕ್ಕೆ. ಹೊಲ ಅಕ್ಕಯ್ಯಮ್ಮನವರದು, ಅದರ ಮೂಲೆಯಲ್ಲಿ ನನ್ನ ಹೆಂಡತಿ ರಾಗಿಣಿಯ ಎರಡು ಪ್ಲಾಟು. ಒಂದರಲ್ಲಿ ಅಲಸಂದೆ, ಇನ್ನೊಂದು ಬರಿ ನೆಲ. ಆಮೇಲೆ ಎರಡರಲ್ಲೂ ರಾಗಿ. ಅವಳ ಮಣ್ಣಿನ ಪ್ರಯೋಗದ ಮೂರನೆಯ ವರ್ಷ, ಕೊನೆಯದು.

ಮೊಗ್ಗು ಕಂಡಿವೆ. ಫೋಟೋ ತಂದೆ. ಮಲಗಿದ್ದಲ್ಲೇ ದೊಡ್ಡದು ಮಾಡಿ ನೋಡಿದಳು. ಕೀಮೋ ಆದ ಮೇಲೆ ಕಣ್ಣು ಬೇಗ ದಣಿಯುತ್ತದೆ. ಆದರೂ ಪಾಠ, ಬ್ಯಾಂಕಿನವನಾದ ನನಗೆ ಅರ್ಥವಾಗುವಂತೆ — ನಮ್ಮ ಕೆಂಪು ಮಣ್ಣಿನಲ್ಲಿ ರಂಜಕ ಇದೆ, ಕಬ್ಬಿಣ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಅಲಸಂದೆಯ ಬೇರು ಬಿಡಿಸಿಕೊಳ್ಳುತ್ತದೆ. ಹೂವಿನಲ್ಲಿರುವಾಗಲೇ ಉತ್ತುಬಿಟ್ಟರೆ ಸೊಪ್ಪು ಕೊಳೆತು ಆ ರಂಜಕ ರಾಗಿಗೆ ಸಿಗುತ್ತದೆ. ಕಾಯಿ ಕಟ್ಟಿದರೆ ಕಾಳಿಗೆ ಹೋಗಿಬಿಡುತ್ತದೆ.

“ಈ ವರ್ಷದ್ದು ನೋಡಿಬಿಟ್ರೆ ಸಾಕು ಕಣ್ರೀ.”

ಜೂನ್ 14

ಜ್ವರ. ಮತ್ತೆ ಅಡ್ಮಿಟ್. ವಾರ್ಡಿನಿಂದಲೇ ರಾಗಿಣಿ ಅಕ್ಕಯ್ಯಮ್ಮನವರಿಗೆ ಫೋನ್ ಮಾಡಿದಳು — ಹೂ ಬಿಟ್ಟ ಕೂಡಲೇ ಟಿಲ್ಲರ್ ಹೊಡೆಸಿ. ಹೂಂ ಅಂದರು.

ಜೂನ್ 30, ಭಾನುವಾರ

ನಿನ್ನೆ ಡಿಸ್ಚಾರ್ಜ್. ಇವತ್ತು ಹೋಗಿ ನೋಡಿದರೆ ಅಲಸಂದೆ ನಿಂತೇ ಇದೆ. ಬಳ್ಳಿ ತುಂಬ ಕಾಯಿ. ಅಕ್ಕಯ್ಯಮ್ಮ ಮಡಿಲಲ್ಲಿ ಕಾಯಿ ತುಂಬಿಕೊಂಡು ಎದುರಿಗೆ ಬಂದರು. ಕೇಳಿದ್ದಕ್ಕೆ ನೆಲ ನೋಡಿದರು.

“ಟಿಲ್ಲರ್‌ನೋನು ಬಂದಿದ್ದ ಸಾರ್. ನಾನೇ ವಾಪಸ್ ಕಳಿಸ್ದೆ. ಅಮ್ಮಾವ್ರು ಆಸ್ಪತ್ರೇಲವ್ರೆ, ಮೈತುಂಬ ಹೂ ಬಿಟ್ಟಿರೋದನ್ನ ಉತ್ತಾಕದಾ? ಕೈ ಬರ್ಲಿಲ್ಲ.”

ಹಿಂದಿನ ಎರಡು ವರ್ಷ ಉತ್ತಿದ್ದರು. ಓದಿದೋರಿಗೆ ಹಸಿವಾಗಲ್ವಾ ಅಂತ ರಾಗಿಣಿಯನ್ನು ಹಂಗಿಸುತ್ತಾ. ಅವಳು ಬದುವಿನ ಮೇಲೆ ನಿಂತು ನಗುತ್ತಾ.

ಕೋಪ ಬರಬೇಕಿತ್ತು. ಹುಡುಕಿದೆ, ಸಿಗಲಿಲ್ಲ. ಕಾಯಿ ಚೀಲಕ್ಕೆ ಹಾಕಿಸಿಕೊಂಡೆ.

ಅದೇ ದಿನ, ಮಧ್ಯಾಹ್ನ

ಹಸಿ ಕಾಳು ಸುಲಿದು ಸಾರು ಮಾಡಿದೆ. ಮಾರ್ಕೆಟ್ಟಿನದು ಅನ್ನೋಣವೆಂದುಕೊಂಡಿದ್ದೆ. ಎರಡು ತುತ್ತು ತಿಂದಳು — ಎಷ್ಟೋ ವಾರಗಳ ಮೇಲೆ. ಆಮೇಲೆ ಒಂದು ಕಾಳನ್ನು ಬೆರಳಿನಲ್ಲಿ ಹಿಸುಕಿ ನೋಡಿದಳು.

“ನಮ್ಮದೇ, ಅಲ್ವಾ?”

ಆದದ್ದನ್ನು ಹೇಳಿದೆ. ಗೋಡೆಯ ಕಡೆ ತಿರುಗಿದಳು. ಭುಜ ಅಲುಗುತ್ತಿತ್ತು. ಮುಟ್ಟಲಿಲ್ಲ ನಾನು — ಯಾಕೋ.

“ಅಕ್ಕಯ್ಯಮ್ಮಂಗೆ ಏನೂ ಅನ್ಬೇಡಿ,” ತಿರುಗದೆಯೇ ಅಂದಳು. “ಇನ್ನೊಂದು ವರ್ಷ ಮಾಡಿದ್ರಾಯ್ತು.”

ಮಾಡೋಣ ಅಂದೆ. ಎದ್ದು ಕೂತು ತಟ್ಟೆ ಖಾಲಿ ಮಾಡಿದಳು.

ಸೆಪ್ಟೆಂಬರ್ 3

ರಾಗಿಣಿಯ ಹನ್ನೊಂದನೆಯ ದಿನದ ಕೆಲಸ ಮುಗಿಯಿತು. ಮನೆ ತುಂಬ ಬಾಡಿಗೆ ಚೇರು. ಶಾಮಿಯಾನದವರು ನಾಳೆ ಬರುತ್ತಾರಂತೆ.

ನವೆಂಬರ್ 20

ಮಣ್ಣಿನ ರಿಪೋರ್ಟ್ ಬಂತು. ಬರಿ ನೆಲ, ಅಲಸಂದೆ ನೆಲ — ಬೆಳೆಗೆ ಸಿಗುವ ರಂಜಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕಾಳಿಗೆ ಹೋಯಿತು. ಕಾಳಿನಿಂದ ಅವಳೊಳಗೆ. ಅಲ್ಲಿಂದ... ಶ್ರೀರಂಗಪಟ್ಟಣದಲ್ಲಿ ಬೂದಿಯನ್ನು ಹೊಳೆಗೆ ಬಿಟ್ಟವನು ನಾನೇ.

ಜೂನ್ 15, 2025. ಭಾನುವಾರ

ಈ ವರ್ಷದ ಅಲಸಂದೆ ಹೂ ಬಿಟ್ಟಿದೆ. ನಾನು ಹೋಗಲಿಲ್ಲ. ಅಕ್ಕಯ್ಯಮ್ಮನವರ ಫೋನ್. ಟಿಲ್ಲರ್ ಬಂದು ನಿಂತಿದೆಯಂತೆ.

“ನೀವು ಬಾಯಿಬಿಟ್ಟು ಹೇಳಿ ಸಾರ್. ಹೇಳಿದ್ರೆ ಉತ್ತಾಕ್ಸ್ತೀನಿ.”

ರಾಗಿಣಿ ಇನ್ನೊಂದು ವರ್ಷ ಅಂದದ್ದು ಇದೇ. ಆ ಕಡೆ ಇಂಜಿನ್ನಿನ ಸದ್ದು, ಅವರ ಉಸಿರು. ಹೊಡೆಸಿ ಅಂದೆ. ಕೇಳಿಸಲಿಲ್ಲ ಅಂದರು. ಮತ್ತೊಮ್ಮೆ ಹೇಳಲು ನನಗೂ ಬಾಯಿ ಬರಲಿಲ್ಲ.